ಮುಲಾಜು ಬೇಡ, ಒಂದು ಕಾಗದ ಬರೆಯಿರಿ

ಪ್ರಶ್ನೆ

ನಾನು ದಾವಣಗೆರೆಯವಳು, ವಯಸ್ಸು 41. ಮನೆಯಲ್ಲೇ ಅಡುಗೆ ಮಾಡಿ ಮಧ್ಯಾಹ್ನದ ಊಟದ ಕ್ಯಾರಿಯರ್‌ಗಳನ್ನು ಬ್ಯಾಂಕು, ನರ್ಸಿಂಗ್ ಹೋಂ, ವಿದ್ಯಾರ್ಥಿಗಳ ರೂಮುಗಳಿಗೆ ತಲುಪಿಸುತ್ತೇನೆ. ದುಡಿದದ್ದೆಲ್ಲ ಪೆಟ್ರೋಲಿಗೇ ಹೋಗುತ್ತದೆ ಎಂದು ಹೋದ ವರ್ಷ ಸಾಲ ತೆಗೆದು ಎಲೆಕ್ಟ್ರಿಕ್ ಸ್ಕೂಟರ್ ಕೊಂಡೆ. ಯಜಮಾನರಿಗೆ ಇಷ್ಟವಿರಲಿಲ್ಲ, ಹಟ ಮಾಡಿ ತಂದವಳು ನಾನೇ. ಏಳೆಂಟು ತಿಂಗಳು ಚೆನ್ನಾಗಿಯೇ ಓಡಿತು. ಒಂದು ದಿನ ಪಿ.ಬಿ. ರಸ್ತೆಯಲ್ಲಿ ಊಟ ತುಂಬಿಕೊಂಡು ಹೋಗುವಾಗ ಡಿಸ್‌ಪ್ಲೇ ಆರಿ ಗಾಡಿ ನಿಂತೇಹೋಯಿತು. ಶೋರೂಮಿನವರು ಬಂದು ಟೆಂಪೋದಲ್ಲಿ ಹಾಕಿಕೊಂಡು ಹೋದರು. ‘ಕಂಟ್ರೋಲರ್ ಹೋಗಿದೆ, ವಾರಂಟಿ ಇದೆ, ಒಂದು ವಾರದಲ್ಲಿ ಕೊಡ್ತೀವಿ’ ಅಂದರು. ಈಗ ಒಂಬತ್ತು ವಾರ ಆಯಿತು. ಕೇಳಿದಾಗೆಲ್ಲ ‘ಪಾರ್ಟ್ ಬಂದಿಲ್ಲ ಅಕ್ಕ, ಕಂಪನಿಯಿಂದ ಬರಬೇಕು’ ಅನ್ನುತ್ತಾರೆ. ಈಚೆಗೆ ಫೋನೂ ಎತ್ತುತ್ತಿಲ್ಲ. ಗಾಡಿ ಅವರ ಹಿಂದಿನ ಅಂಗಳದಲ್ಲಿ ಮಳೆಗೆ ನೆನೆಯುತ್ತಿದೆ.

ಶೋರೂಮ್ ಮಾಲೀಕರು ನಮ್ಮ ಭಾವನವರಿಗೆ ಪರಿಚಯ. ಅವರ ಮುಖ ನೋಡಿ ಕೊಳ್ಳುವಾಗ 3,000 ರೂಪಾಯಿ ಬಿಟ್ಟಿದ್ದರು. ಹಾಗಾಗಿ ಗಟ್ಟಿಯಾಗಿ ಕೇಳಲು ಮುಲಾಜು. ಇತ್ತ ಕಂತು ತಿಂಗಳು ತಿಂಗಳು ಕಟ್ಟಾಗುತ್ತಿದೆ. ದಿನಾ ಆಟೋಗೆ ಕೊಟ್ಟು ಊಟ ಕಳಿಸುತ್ತಿದ್ದೇನೆ, ದೂರದ ಗಿರಾಕಿಗಳನ್ನು ಬಿಟ್ಟುಕೊಟ್ಟೆ. ಯಜಮಾನರು ಬೈಯುವುದಿಲ್ಲ, ಆದರೆ ‘ನಾನು ಆಗಲೇ ಹೇಳಿದ್ದೆ’ ಎಂಬ ಮಾತು ದಿನಕ್ಕೊಮ್ಮೆ ಬರುತ್ತದೆ. ಪಿಯುಸಿ ಓದುವ ಮಗ ‘ವಿಡಿಯೋ ಮಾಡಿ ಹಾಕೋಣ’ ಅನ್ನುತ್ತಾನೆ. ನನ್ನ ತಮ್ಮ ‘ಕಂತು ನಿಲ್ಲಿಸು, ಅವರೇ ಓಡಿ ಬರ್ತಾರೆ’ ಅನ್ನುತ್ತಾನೆ. ಬೀದಿಯ ಮೆಕ್ಯಾನಿಕ್ ‘ಇಲ್ಲಿಗೆ ತನ್ನಿ, ಬಿಚ್ಚಿ ನೋಡೋಣ’ ಅನ್ನುತ್ತಾನೆ. ವ್ಯಾಪಾರಕ್ಕೆ ಬಳಸುವ ಗಾಡಿಗೆ ಗ್ರಾಹಕರ ಕೋರ್ಟಿನಲ್ಲಿ ಜಾಗ ಇಲ್ಲ ಎಂದೂ ಒಬ್ಬರು ಹೆದರಿಸಿದರು. ರಾತ್ರಿ ನಿದ್ದೆ ಹತ್ತುತ್ತಿಲ್ಲ. ಯಾವ ದಾರಿ ಹಿಡಿಯಲಿ?

– ಹೆಸರು ಬೇಡ, ದಾವಣಗೆರೆ

ಉತ್ತರ

ಸಹೋದರಿ,

ನಿಮ್ಮ ಪತ್ರದಲ್ಲಿ ಎಲ್ಲರ ಮಾತೂ ಇದೆ. ಯಜಮಾನರದು, ಮಗನದು, ತಮ್ಮನದು, ಮೆಕ್ಯಾನಿಕ್‌ನದು, ಶೋರೂಮಿನ ಹುಡುಗನದು. ಒಂದು ಕಾಗದ ಮಾತ್ರ ಇಲ್ಲ. ಗಾಡಿ ಯಾವ ತಾರೀಕಿಗೆ ಒಳಗೆ ಹೋಯಿತು, ಏನು ಕೆಟ್ಟಿದೆ ಎಂದು ಬರೆದುಕೊಂಡರು, ಪಾರ್ಟಿಗೆ ಯಾವತ್ತು ಬೇಡಿಕೆ ಕಳಿಸಿದರು, ಯಾವತ್ತು ಕೊಡುತ್ತೇವೆ ಎಂದರು, ಇವುಗಳಲ್ಲಿ ಯಾವುದಕ್ಕೂ ನಿಮ್ಮ ಕೈಯಲ್ಲಿ ಬರಹ ಇದ್ದಂತೆ ಕಾಣಲಿಲ್ಲ. ಒಂದು ವಾರದ ಮಾತನ್ನು ಒಂಬತ್ತು ವಾರ ಎಳೆಯಲು ಅವರಿಗೆ ಸಾಧ್ಯವಾದದ್ದು ಬಹುಪಾಲು ಇದರಿಂದಲೇ. ಬಾಯಲ್ಲಿ ಕೇಳಿದ್ದಕ್ಕೆ ಬಾಯಲ್ಲೇ ಉತ್ತರ ಸಿಗುತ್ತದೆ, ಮರುದಿನ ಆ ಉತ್ತರಕ್ಕೆ ವಾರಸುದಾರರೇ ಇರುವುದಿಲ್ಲ.

ಮೊದಲು ಮುಲಾಜಿನ ಮಾತಾಡೋಣ. ನಿಮ್ಮನ್ನು ಕಟ್ಟಿಹಾಕಿರುವುದು ಅದೇ. ಅವರು 3,000 ರೂಪಾಯಿ ಬಿಟ್ಟದ್ದು ವ್ಯಾಪಾರ, ಅದಕ್ಕೆ ಅಂದೇ ಧನ್ಯವಾದ ಹೇಳಿದ್ದೀರಿ, ಮುಗಿಯಿತು. ವಾರಂಟಿ ಯಾರೂ ನಿಮಗೆ ಮಾಡಿದ ಉಪಕಾರವಲ್ಲ. ಅದರ ಖರ್ಚು ಗಾಡಿಯ ಬೆಲೆಯಲ್ಲೇ ಸೇರಿದೆ, ಅದಕ್ಕೆ ಸಾಲ ಮಾಡಿ ದುಡ್ಡು ಕೊಟ್ಟವರು ನೀವು. ಕಾಗದ ಬರೆದರೆ ಭಾವನವರ ಮರ್ಯಾದೆಗೆ ಕುಂದು ಬರುತ್ತದೆ ಎಂಬ ಅಳುಕು ನಿಮಗಿದೆ. ನಮ್ಮ ಊರುಗಳಲ್ಲಿ ಹೆಣ್ಣುಮಕ್ಕಳು ಈ ಒಂದು ಅಳುಕಿಗೆ ಎಷ್ಟು ನಷ್ಟ ಹೊರುತ್ತಾರೆ ಎಂಬುದನ್ನು ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ನೋಡಿ ಸಂಕಟವಾಗುತ್ತದೆ. ಭಾವನವರಿಗೆ ನೀವೇ ಮುಂಚಿತವಾಗಿ ಫೋನ್ ಮಾಡಿ. ‘ಭಾವ, ಗಾಡಿ ನಿಂತು ಎರಡು ತಿಂಗಳು ದಾಟಿತು. ಶೋರೂಮಿಗೂ ಕಂಪನಿಗೂ ಕಾಗದ ಹಾಕ್ತಿದ್ದೀನಿ. ಬೇರೆಯವರಿಂದ ನಿಮಗೆ ತಿಳಿಯಬಾರದು ಅಂತ ಹೇಳಿದೆ’ ಅನ್ನಿ. ಅಪ್ಪಣೆ ಕೇಳಬೇಡಿ, ತಿಳಿಸಿದರೆ ಸಾಕು. ಬರೆದು ಕೇಳುವುದು ಜಗಳವಲ್ಲ. ಎಷ್ಟೋ ಸಲ ಶೋರೂಮ್ ಮಾಲೀಕರಿಗೂ ಅಂಥ ಕಾಗದ ಬೇಕಿರುತ್ತದೆ. ‘ಗಿರಾಕಿ ಲಿಖಿತ ದೂರು ಕೊಟ್ಟಿದ್ದಾರೆ’ ಎಂದು ಕಂಪನಿಯ ಏರಿಯಾ ಮ್ಯಾನೇಜರ್ ಮುಂದೆ ಇಟ್ಟು ಪಾರ್ಟ್ ತರಿಸಿಕೊಳ್ಳಲು ಅವರಿಗೂ ಒಂದು ಆಧಾರ ಬೇಕಲ್ಲ.

ವಾರಂಟಿ ಕೆಲಸ ಒಳಗೆ ಹೇಗೆ ಸಾಗುತ್ತದೆ ಎಂದು ತಿಳಿದರೆ ಎಲ್ಲಿ ಬೆರಳಿಟ್ಟು ಕೇಳಬೇಕೆಂಬುದು ಗೊತ್ತಾಗುತ್ತದೆ. ಗಾಡಿ ಬಂದ ಕೂಡಲೇ ಜಾಬ್ ಕಾರ್ಡ್ ತೆರೆಯಬೇಕು. ಟೆಕ್ನಿಷಿಯನ್ ಲ್ಯಾಪ್‌ಟಾಪ್ ಜೋಡಿಸಿ ಎರರ್ ಕೋಡ್ ಓದಿ, ಯಾವ ಭಾಗ ಕೆಟ್ಟಿದೆ ಎಂದು ಗುರುತಿಸುತ್ತಾನೆ. ಫೋಟೊ, ಕಿಲೋಮೀಟರ್ ಲೆಕ್ಕ, ಕೋಡ್ ಎಲ್ಲ ಸೇರಿಸಿ ವಾರಂಟಿ ಕ್ಲೇಮ್ ಕಂಪನಿಗೆ ಹೋಗುತ್ತದೆ. ಅಲ್ಲಿ ಒಪ್ಪಿಗೆ ಸಿಕ್ಕ ಮೇಲೆ ಪಾರ್ಟ್ ಹೊರಡುತ್ತದೆ. ಈ ಕೆಲಸದ ಕೂಲಿಯನ್ನು ಡೀಲರ್ ನಿಮ್ಮಿಂದ ಪಡೆಯುವಂತಿಲ್ಲ, ಕಂಪನಿಯಿಂದ ಪಡೆಯಬೇಕು. ಹಾಗಾಗಿ ಕೈಯಲ್ಲಿ ದುಡ್ಡು ಹಿಡಿದು ಬಂದ ಗಿರಾಕಿಯ ಗಾಡಿ ಮುಂದಕ್ಕೆ ಹೋಗಿ ವಾರಂಟಿ ಗಾಡಿ ಅಂಗಳದಲ್ಲಿ ಹಿಂದಕ್ಕೆ ಉಳಿಯುವುದು ಹಲವೆಡೆ ನಡೆಯುತ್ತದೆ.

ಈಗ ‘ಪಾರ್ಟ್ ಬಂದಿಲ್ಲ’ ಎಂಬ ಮಾತನ್ನು ಬಿಡಿಸಿ ನೋಡಿ. ಸರಿಯಾದ ಪರೀಕ್ಷೆಯೇ ಆಗದಿರಬಹುದು. ಕ್ಲೇಮ್ ಕಳಿಸಿಯೇ ಇಲ್ಲದಿರಬಹುದು. ಕಳಿಸಿದ್ದನ್ನು ಕಂಪನಿ ಒಪ್ಪದೆ ಬೇರೆ ಫೋಟೊ ಕೇಳಿರಬಹುದು, ಅದಕ್ಕೆ ಇವರು ಉತ್ತರಿಸದಿರಬಹುದು. ಅಥವಾ ನಿಜವಾಗಿಯೂ ಕಂಪನಿಯ ಗೋದಾಮಿನಲ್ಲಿ ಕಂಟ್ರೋಲರ್ ಇಲ್ಲದಿರಬಹುದು. ಹೊರಗಿನಿಂದ ಇವೆಲ್ಲ ಒಂದೇ ರೀತಿ ಕಾಣುತ್ತವೆ, ಹೊಣೆ ಮಾತ್ರ ಬೇರೆ ಬೇರೆಯವರದು. ಆದ್ದರಿಂದ ‘ಗಾಡಿ ಯಾವಾಗ ಕೊಡ್ತೀರಿ’ ಎಂದು ಕೇಳುವುದನ್ನು ಬಿಟ್ಟು, ‘ಕ್ಲೇಮ್ ನಂಬರ್ ಎಷ್ಟು, ಯಾವ ತಾರೀಕಿಗೆ ಒಪ್ಪಿಗೆ ಬಂತು, ಪಾರ್ಟ್ ಆರ್ಡರ್ ನಂಬರ್ ಎಷ್ಟು’ ಎಂದು ಕೇಳಿ. ಕೌಂಟರಿನ ಸರ್ವಿಸ್ ಅಡ್ವೈಸರ್ ಮೇಲೆ ರೇಗಬೇಡಿ. ತಿಂಗಳ ಸಂಬಳದ ಹುಡುಗ ಅವನು, ಪಾರ್ಟ್ ತಯಾರಿಸುವುದು ಅವನ ಕೈಯಲ್ಲಿಲ್ಲ. ಆದರೆ ಕಂಪ್ಯೂಟರಿನಲ್ಲಿ ಈ ಮೂರು ಸಂಗತಿ ನೋಡಿ ಹೇಳುವುದು ಅವನ ಕೈಯಲ್ಲಿದೆ.

ಪೆಟ್ರೋಲ್ ಗಾಡಿಯಾಗಿದ್ದರೆ ಇಷ್ಟು ಕಷ್ಟ ಬರುತ್ತಿರಲಿಲ್ಲ. ಕಾರ್ಬುರೇಟರ್, ಕ್ಲಚ್ ಪ್ಲೇಟ್, ಕೇಬಲ್ಲು ಊರಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೇ ಸಿಗುತ್ತವೆ. ಎಲೆಕ್ಟ್ರಿಕ್ ಗಾಡಿಯ ಕಂಟ್ರೋಲರ್, ಬ್ಯಾಟರಿ, ಡಿಸ್‌ಪ್ಲೇಗಳನ್ನು ಆಯಾ ಕಂಪನಿಯೇ ಕೊಡಬೇಕು, ಅದರ ಸಾಫ್ಟ್‌ವೇರ್‌ಗೆ ಹೊಂದಿಸಿದ ಮೇಲೆಯೇ ಗಾಡಿ ಜೀವ ಹಿಡಿಯುತ್ತದೆ. ನಿಮ್ಮ ಬೀದಿಯ ಮೆಕ್ಯಾನಿಕ್ ಒಳ್ಳೆಯ ಮನಸ್ಸಿನಿಂದಲೇ ಕರೆದಿದ್ದಾನೆ. ಆದರೂ ಅವನ ಕೈಗೆ ಗಾಡಿ ಕೊಡಬೇಡಿ. ಹೊರಗೆ ಬಿಚ್ಚಿದ ಗುರುತು ಒಂದು ಸಿಕ್ಕರೂ ‘ಸೀಲ್ ಒಡೆದಿದೆ, ವಾರಂಟಿ ಹೋಯಿತು’ ಎನ್ನಲು ಕಾರಣ ಸಿಗುತ್ತದೆ, ಒಂಬತ್ತು ವಾರ ಕಾದದ್ದೆಲ್ಲ ನೀರಿಗೆ ಹೋಗುತ್ತದೆ.

ಈ ವಾರವೇ ಆಗಬೇಕಾದ ಒಂದು ಕೆಲಸವಿದೆ. ಶೋರೂಮಿಗೆ ಹೋಗಿ ಗಾಡಿಯನ್ನು ಕಣ್ಣಾರೆ ನೋಡಿ, ಮಗನಿಂದ ನಾಲ್ಕೂ ಕಡೆಯ ಫೋಟೊ ತೆಗೆಸಿ. ಗಾಡಿಯನ್ನು ಸೂರಿನ ಕೆಳಗೆ ನಿಲ್ಲಿಸಲು ಹೇಳಿ. ಬ್ಯಾಟರಿಯಲ್ಲಿ ಚಾರ್ಜ್ ಎಷ್ಟು ಉಳಿದಿದೆ ಎಂದು ಪರೀಕ್ಷಿಸಿ ಬರೆದುಕೊಡಲು ಕೇಳಿ. ಲಿಥಿಯಂ ಬ್ಯಾಟರಿ ಪೂರ್ತಿ ಬರಿದಾಗಿ ತಿಂಗಳುಗಟ್ಟಲೆ ನಿಂತರೆ ಅದರ ಸೆಲ್‌ಗಳಿಗೇ ಪೆಟ್ಟು ಬೀಳುತ್ತದೆ. ನಾಳೆ ಕಂಟ್ರೋಲರ್ ಬಂದ ಮೇಲೆ ‘ಈಗ ಬ್ಯಾಟರಿ ಕೈಕೊಟ್ಟಿದೆ’ ಎಂಬ ಹೊಸ ಕಥೆ ಶುರುವಾಗಬಾರದು. ಇಡೀ ಗಾಡಿಯಲ್ಲಿ ಅತ್ಯಂತ ದುಬಾರಿ ಭಾಗ ಅದೇ. ಮಳೆಯಲ್ಲಿ ನಿಂತ ಗಾಡಿಗೆ ‘ನೀರು ನುಗ್ಗಿದೆ, ವಾರಂಟಿಗೆ ಬರುವುದಿಲ್ಲ’ ಎಂದು ಹೇಳುವ ಸಾಧ್ಯತೆಯೂ ಇದೆ. ಆ ದಿನ ನೀವು ತೆಗೆಸಿದ ಫೋಟೊ ಮಾತಾಡುತ್ತದೆ. ಅಂದೇ ಜಾಬ್ ಕಾರ್ಡಿನ ಪ್ರತಿಯನ್ನೂ ಕೇಳಿ ಪಡೆಯಿರಿ. ತೆರೆದೇ ಇಲ್ಲವಾದರೆ ಗಾಡಿ ಒಳಬಂದ ತಾರೀಕು ಹಾಕಿ ಬರೆದುಕೊಡಲು ಹೇಳಿ. ಒಪ್ಪದಿದ್ದರೆ ಟೆಂಪೋದಲ್ಲಿ ಒಯ್ದ ದಿನದ ಫೋನ್ ಕರೆ, ವಾಟ್ಸ್ಆ್ಯಪ್ ಸಂದೇಶಗಳ ಸ್ಕ್ರೀನ್‌ಶಾಟ್ ತೆಗೆದಿಡಿ, ಅವೂ ದಾಖಲೆಯೇ.

ಮನೆಗೆ ಬಂದು ಕಾಗದ ಬರೆಯಿರಿ. ವಕೀಲರ ಭಾಷೆ ಬೇಡ, ಹೀಗೆ ಇದ್ದರೆ ಸಾಕು:

‘ನಾನು ಈ ತಾರೀಕಿನಂದು ನಿಮ್ಮಲ್ಲಿ ಈ ನೋಂದಣಿ ಸಂಖ್ಯೆಯ ಎಲೆಕ್ಟ್ರಿಕ್ ಸ್ಕೂಟರ್ ಕೊಂಡಿದ್ದೇನೆ. ಇಂಥ ದಿನ ಅದು ರಸ್ತೆಯಲ್ಲಿ ನಿಂತಿತು, ಅಂದೇ ನಿಮ್ಮ ಸಿಬ್ಬಂದಿ ಒಯ್ದರು. ಕಂಟ್ರೋಲರ್ ಕೆಟ್ಟಿದೆ, ವಾರಂಟಿಯಲ್ಲಿ ಒಂದು ವಾರದೊಳಗೆ ಬದಲಿಸಿಕೊಡುತ್ತೇವೆ ಎಂದು ತಿಳಿಸಿದರು. ಇಂದಿಗೆ ಒಂಬತ್ತು ವಾರ ಕಳೆದಿದೆ. ವಾರಂಟಿ ಕ್ಲೇಮ್ ಸಂಖ್ಯೆ, ಒಪ್ಪಿಗೆಯ ತಾರೀಕು, ಪಾರ್ಟ್ ಆರ್ಡರ್ ಸಂಖ್ಯೆ ಮತ್ತು ಗಾಡಿ ಕೊಡುವ ತಾರೀಕನ್ನು ಬರಹದಲ್ಲಿ ತಿಳಿಸಿ. ಈ ಕಾಗದ ತಲುಪಿದ 15 ದಿನದೊಳಗೆ ಗಾಡಿಯನ್ನು ಸರಿಪಡಿಸಿಕೊಡಿ. ಅಲ್ಲಿಯವರೆಗೆ ಬದಲಿ ವಾಹನ ಕೊಡಿ, ಇಲ್ಲವೇ ನನ್ನ ಸಾಗಾಟದ ಖರ್ಚು ಭರಿಸಿ. ಗಾಡಿ ನಿಮ್ಮಲ್ಲಿ ನಿಂತ ಅಷ್ಟೂ ದಿನಗಳನ್ನು ವಾರಂಟಿಗೆ ಸೇರಿಸಿಕೊಡಿ. ತಪ್ಪಿದರೆ ಜಿಲ್ಲಾ ಗ್ರಾಹಕರ ಆಯೋಗದ ಮೊರೆ ಹೋಗುತ್ತೇನೆ.’

ಬದಲಿ ವಾಹನ, ವಾರಂಟಿ ವಿಸ್ತರಣೆ ಇವನ್ನು ಕೇಳಿದ ಕೂಡಲೇ ಕೊಡುತ್ತಾರೆಂದು ನಾನು ಹೇಳುವುದಿಲ್ಲ. ಕೇಳಿದ್ದಕ್ಕೆ ದಾಖಲೆ ಇರಬೇಕು, ಅಷ್ಟೆ. ಈ ಕಾಗದ ಶೋರೂಮಿಗೂ ಹೋಗಬೇಕು, ತಯಾರಿಸಿದ ಕಂಪನಿಗೂ ಹೋಗಬೇಕು. ಇದನ್ನು ತಪ್ಪಿಸಬೇಡಿ. ಕಂಪನಿಗೆ ತಿಳಿಸದೇ ಇದ್ದರೆ ನಾಳೆ ಆಯೋಗದ ಮುಂದೆ ‘ಡೀಲರ್ ನಮಗೆ ಹೇಳಿಯೇ ಇಲ್ಲ’ ಎಂದು ಅವರು, ‘ಕಂಪನಿ ಕಳಿಸಲಿಲ್ಲ’ ಎಂದು ಇವರು ಒಬ್ಬರ ಮೇಲೊಬ್ಬರು ಹಾಕಿ ಕೂರುತ್ತಾರೆ. ವಾರಂಟಿ ಪುಸ್ತಕದಲ್ಲಿ ಕಂಪನಿಯ ವಿಳಾಸ, ಇಮೇಲ್ ಇರುತ್ತದೆ. ಸ್ಪೀಡ್ ಪೋಸ್ಟಿನಲ್ಲಿ ಒಂದು ಪ್ರತಿ, ಇಮೇಲ್‌ನಲ್ಲಿ ಒಂದು ಪ್ರತಿ ಕಳಿಸಿ. ಇಮೇಲ್ ಮಗ ಕಳಿಸಲಿ, ಇಂಗ್ಲಿಷಿನಲ್ಲಿ ಒಂದು ಪ್ರತಿ ಅವನೇ ಬರೆಯಲಿ. ವಿಡಿಯೋಗಿಂತ ಈ ಕೆಲಸದಲ್ಲಿ ಅವನ ಜಾಣತನ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಅದರ ಜೊತೆಗೇ 1915ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ದೂರನ್ನು ದಾಖಲಿಸಿ ಒಂದು ಸಂಖ್ಯೆ ಕೊಟ್ಟು, ಅದನ್ನು ಕಂಪನಿಗೆ ರವಾನಿಸುತ್ತಾರೆ. ಆದೇಶ ಮಾಡುವ ಅಧಿಕಾರ ಅವರಿಗಿಲ್ಲ, ಆದರೂ ಅಲ್ಲಿಂದ ಹೋದ ದೂರಿಗೆ ಕಂಪನಿಗಳು ಕಿವಿಗೊಡುವುದುಂಟು. ಇನ್ನೊಂದು ಲಾಭವೂ ಇದೆ. ಒಬ್ಬೊಬ್ಬರೇ ಹೇಳಿಕೊಂಡ ಸಂಕಟ ಅಲ್ಲಿ ಒಟ್ಟಾಗಿ ಲೆಕ್ಕಕ್ಕೆ ಸಿಗುತ್ತದೆ. ಒಂದು ದೊಡ್ಡ ಎಲೆಕ್ಟ್ರಿಕ್ ಸ್ಕೂಟರ್ ಕಂಪನಿಯ ವಿರುದ್ಧ ಒಂದೇ ವರ್ಷದಲ್ಲಿ 10,000ಕ್ಕೂ ಹೆಚ್ಚು ದೂರುಗಳು ಈ ಸಹಾಯವಾಣಿಗೆ ಬಂದಿದ್ದವು, ಸರ್ವಿಸ್ ವಿಳಂಬದ ದೂರು ಅವುಗಳಲ್ಲಿ ದೊಡ್ಡ ಪಾಲು. ಅದನ್ನೇ ಮುಂದಿಟ್ಟುಕೊಂಡು 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆ ಕಂಪನಿಗೆ ಷೋಕಾಸ್ ನೋಟಿಸ್ ಕೊಟ್ಟಿತು. ಆ ದೂರುದಾರರೆಲ್ಲ ನಿಮ್ಮಂತೆಯೇ ದುಡಿದು ತಿನ್ನುವ ಮಂದಿ.

15 ದಿನ ಕಳೆದರೂ ಗಾಡಿ ಬರದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಕೊಡಿ. ನಿಮ್ಮನ್ನು ಹೆದರಿಸಿದವರ ಮಾತಿಗೆ ಇಲ್ಲಿ ಉತ್ತರ ಹೇಳಿಬಿಡುತ್ತೇನೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019, ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಗ್ರಾಹಕರ ಪಟ್ಟಿಯಿಂದ ಹೊರಗಿಡುತ್ತದೆ ಎಂಬುದು ನಿಜ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಕೊಂಡ ವಸ್ತುವನ್ನು ಅದೇ ಕಾಯ್ದೆ ಆ ಮಾತಿನಿಂದ ಹೊರತುಪಡಿಸುತ್ತದೆ. ದುಡಿಯುವವರು ಒಬ್ಬಿಬ್ಬರ ನೆರವು ಪಡೆದರೂ, ಮನೆಯವರು ಕೈಜೋಡಿಸಿದರೂ ಅದು ಸ್ವಯಂ ಉದ್ಯೋಗವೇ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ನೀವೇ ಅಡುಗೆ ಮಾಡಿ, ನೀವೇ ಗಾಡಿ ಓಡಿಸಿ ಊಟ ಮುಟ್ಟಿಸುವವರು. ನಿಮ್ಮ ಜಾಗ ಕಾಯ್ದೆಯ ಒಳಗೇ ಇದೆ. ಆದ್ದರಿಂದ ಗಾಡಿಯನ್ನು ಸಂತೆಗೆ, ದೇವಸ್ಥಾನಕ್ಕೆ ಮಾತ್ರ ಬಳಸುತ್ತಿದ್ದೆ ಎಂದು ಎಲ್ಲೂ ಸುಳ್ಳು ಬರೆಯಬೇಡಿ. ‘ಈ ಗಾಡಿಯಲ್ಲಿ ಊಟ ತಲುಪಿಸಿ ಜೀವನ ನಡೆಸುತ್ತೇನೆ’ ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ಒಂದು ಎಚ್ಚರಿಕೆ: ಕೆಲವು ಕಂಪನಿಗಳ ವಾರಂಟಿ ಪುಸ್ತಕದಲ್ಲಿ ಬಾಡಿಗೆ ಅಥವಾ ವಾಣಿಜ್ಯ ಬಳಕೆಯ ಗಾಡಿಗೆ ವಾರಂಟಿ ಇಲ್ಲ ಎಂಬ ಷರತ್ತು ಇರುತ್ತದೆ. ನಿಮ್ಮ ಪುಸ್ತಕದಲ್ಲಿ ಏನಿದೆ ಎಂದು ಕೂತು ಓದಿ. ಒಂಬತ್ತು ವಾರದಲ್ಲಿ ಶೋರೂಮಿನವರು ಆ ಮಾತೆತ್ತದೆ ‘ವಾರಂಟಿ ಇದೆ’ ಎಂದೇ ಹೇಳಿದ್ದಾರೆ. ಆ ಮಾತು ಅವರ ವಾಟ್ಸ್ಆ್ಯಪ್ ಸಂದೇಶದಲ್ಲಿ ಇದ್ದರೆ ಜೋಪಾನ ಮಾಡಿ.

ಆಯೋಗ ಎಂದರೆ ಕೋರ್ಟು ಕಚೇರಿ ಅಲೆದಾಟ ಎಂದು ನಡುಗಬೇಡಿ. ಕೊಂಡ ವಸ್ತುವಿನ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ಕಂಪನಿಯ ಕಚೇರಿ ಯಾವ ಊರಿನಲ್ಲಿದ್ದರೂ ನೀವು ವಾಸಿಸುವ ದಾವಣಗೆರೆಯಲ್ಲೇ ದೂರು ಕೊಡಬಹುದು. ಇದು 2019ರ ಕಾಯ್ದೆ ತಂದ ಒಳ್ಳೆಯ ಬದಲಾವಣೆ. ವಕೀಲರು ಇರಲೇಬೇಕೆಂಬ ಕಡ್ಡಾಯವಿಲ್ಲ, ನಿಮ್ಮ ಮಾತನ್ನು ನೀವೇ ಹೇಳಿಕೊಳ್ಳಬಹುದು. ಶೋರೂಮನ್ನೂ ಕಂಪನಿಯನ್ನೂ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ನೋಟಿಸ್ ತಲುಪಿದ 30 ದಿನದೊಳಗೆ ಅವರು ಉತ್ತರ ಸಲ್ಲಿಸಬೇಕು, ಆಯೋಗ ಮನಸ್ಸು ಮಾಡಿದರೆ ಇನ್ನು 15 ದಿನ ಕೊಡಬಹುದು, ಅದಕ್ಕಿಂತ ಹೆಚ್ಚಿಲ್ಲ. ಪ್ರಯೋಗಾಲಯದ ಪರೀಕ್ಷೆ ಬೇಡದ ಪ್ರಕರಣವನ್ನು 3 ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಅದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿಯುವುದೇ ಸಾಮಾನ್ಯ, ಇದನ್ನು ನಿಮ್ಮಿಂದ ಮುಚ್ಚಿಡಲಾರೆ. ಆದರೆ ಆಯೋಗದ ನೋಟಿಸ್ ಕೈಗೆ ಬಂದ ಮೇಲೆ ಪಾರ್ಟ್ ತಾನಾಗಿ ಸಿಕ್ಕಿ ರಾಜಿಗೆ ಬರುವ ಪ್ರಕರಣಗಳೂ ಬೇಕಾದಷ್ಟಿವೆ. ದೂರು ಕೊಡಲು ಕಾರಣ ಹುಟ್ಟಿದ ದಿನದಿಂದ 2 ವರ್ಷ ಅವಕಾಶವಿದೆ, ಹಾಗೆಂದು ಕಾಯುತ್ತ ಕೂರಬೇಡಿ.

ಅಲ್ಲಿ ಏನು ಸಿಗಬಹುದು ಎಂಬ ಬಗ್ಗೆ ಅತಿ ಆಸೆ ಬೇಡ. ‘ಹೊಸ ಗಾಡಿಯೇ ಕೊಡಿಸಿ’ ಎಂದು ಬಹಳ ಮಂದಿ ಕೇಳುತ್ತಾರೆ. ವಾರಂಟಿ ಎಂದರೆ ಕೆಟ್ಟ ಭಾಗವನ್ನು ಬದಲಿಸುವ ಹೊಣೆ, ಅದರಿಂದ ಇಡೀ ವಾಹನ ಬದಲಿಸುವ ಹೊಣೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಒಂದು ಕಾರಿನ ಪ್ರಕರಣದಲ್ಲಿ ಹೇಳಿದೆ. ತಯಾರಿಕೆಯಲ್ಲೇ ದೋಷವಿದೆ ಎಂದು ತಜ್ಞರ ಪರೀಕ್ಷೆಯಲ್ಲಿ ಸಾಬೀತಾದರೆ ಮಾತು ಬೇರೆ, ಆಗ ಹಣ ವಾಪಸು ಕೇಳುವ ದಾರಿ ತೆರೆಯುತ್ತದೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಹೊಸ ಗಾಡಿ ಒಟ್ಟು 30 ದಿನ ರಿಪೇರಿಯಲ್ಲೇ ಕಳೆದರೆ ಬದಲಿ ಗಾಡಿಯನ್ನೋ ಹಣವನ್ನೋ ಕೇಳಬಹುದೆಂಬ ಕಾನೂನಿದೆ. ನಮ್ಮಲ್ಲಿ ಹಾಗೆ ದಿನದ ಮಿತಿ ಕಟ್ಟಿದ ಕಾನೂನು ಇಲ್ಲ. ಇರಲೇಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಮಿತಿ ಇಲ್ಲದ ಕಡೆ ಕಾಯಿಸುವವರಿಗೆ ನಾಚಿಕೆ ಇರುವುದಿಲ್ಲ, ಕಾಯುವವರು ಮಾತ್ರ ಸವೆಯುತ್ತಾರೆ. ಸದ್ಯಕ್ಕೆ ನಿಮ್ಮ ದೂರು ನಿಲ್ಲಬೇಕಾದದ್ದು ಸೇವಾ ನ್ಯೂನತೆಯ ಮೇಲೆ. ಗಾಡಿ ಸರಿಪಡಿಸಿಕೊಡಿ, ಇಷ್ಟು ದಿನದ ಸಾಗಾಟದ ಖರ್ಚು, ಕಳೆದುಕೊಂಡ ದುಡಿಮೆ, ಮನೋವೇದನೆ, ದೂರಿನ ಖರ್ಚು ಕೊಡಿಸಿ ಎಂದು ಕೇಳಿ.

ಆ ನಷ್ಟಕ್ಕೆ ಲೆಕ್ಕ ಬೇಕು. ಇಂದಿನಿಂದ ಒಂದು ನೋಟ್‌ಬುಕ್ ಇಡಿ. ಯಾವ ದಿನ ಆಟೋಗೆ ಎಷ್ಟು ಕೊಟ್ಟಿರಿ, ಯಾವ ಗಿರಾಕಿ ಬಿಟ್ಟುಹೋದರು, ಅವರು ತಿಂಗಳಿಗೆ ಎಷ್ಟು ಕೊಡುತ್ತಿದ್ದರು ಎಂದು ಬರೆಯಿರಿ. ಆಟೋದವರಿಗೆ ನಗದು ಕೊಡುವುದನ್ನು ಬಿಟ್ಟು ಫೋನ್‌ಪೇ ಮಾಡಿದರೆ ತಾರೀಕು ಸಹಿತ ದಾಖಲೆ ಉಳಿಯುತ್ತದೆ. ಹಿಂದಿನ ತಿಂಗಳುಗಳಲ್ಲಿ ಗಿರಾಕಿಗಳು ಕಳಿಸಿದ ಹಣವೂ ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿ ಇರುತ್ತದೆ, ನಿಮ್ಮ ದುಡಿಮೆಗೆ ಅದೇ ಸಾಕ್ಷಿ.

ನಿಮ್ಮ ತಮ್ಮನ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಸಾಲ ಕೊಟ್ಟ ಸಂಸ್ಥೆಗೂ ರಿಪೇರಿಗೂ ಸಂಬಂಧವಿಲ್ಲ. ಕಂತು ತಪ್ಪಿದರೆ ದಂಡ ಬೀಳುತ್ತದೆ, ಸಿಬಿಲ್ ಅಂಕ ಇಳಿಯುತ್ತದೆ, ಮಗನ ಓದಿಗೆ ಸಾಲ ಬೇಕಾದ ಹೊತ್ತಿಗೆ ಅದು ಅಡ್ಡ ಬರುತ್ತದೆ. ಶೋರೂಮಿನವರಿಗೆ ಒಂದು ರೂಪಾಯಿಯ ನೋವೂ ಆಗುವುದಿಲ್ಲ. ಹಾಗೆಯೇ ವಿಮೆಯ ಅವಧಿ ಮುಗಿಯುತ್ತಿದ್ದರೆ ಗಾಡಿ ನಿಂತಿದೆ ಎಂದು ಬಿಡದೆ ನವೀಕರಿಸಿ.

ಮಗನ ವಿಡಿಯೋ ವಿಚಾರ. ನಡೆದದ್ದನ್ನು ನಡೆದಂತೆ ಹೇಳುವ ಹಕ್ಕು ಗ್ರಾಹಕರಿಗೆ ಇದ್ದೇ ಇದೆ. ಆದರೆ ಅದು ಮೊದಲ ಹೆಜ್ಜೆ ಆಗಬಾರದು. ಸಿಟ್ಟಿನಲ್ಲಿ ‘ಕಳ್ಳರು, ಮೋಸಗಾರರು’ ಎಂಬ ಮಾತು ಬಂದರೆ ಮಾನನಷ್ಟದ ನೋಟಿಸ್ ನಿಮ್ಮ ಮನೆಗೇ ಬರುತ್ತದೆ, ದೂರುದಾರರಾಗಬೇಕಾದವರು ಆರೋಪಿಯ ಜಾಗದಲ್ಲಿ ನಿಲ್ಲುತ್ತೀರಿ. ಸಿಟ್ಟು ಎಲ್ಲಿಗೆ ಒಯ್ಯಬಲ್ಲದು ಎಂಬುದನ್ನು ನಮ್ಮ ರಾಜ್ಯವೇ ನೋಡಿದೆ. 2024ರ ಸೆಪ್ಟೆಂಬರ್‌ನಲ್ಲಿ ಕಲಬುರಗಿಯ ಯುವಕನೊಬ್ಬ ಹೊಸ ಎಲೆಕ್ಟ್ರಿಕ್ ಸ್ಕೂಟರ್ ರಿಪೇರಿಗೆ ಅಲೆದು ಬೇಸತ್ತು ಶೋರೂಮಿಗೇ ಬೆಂಕಿ ಹಚ್ಚಿದ. ಅವನ ಗಾಡಿ ಸರಿಹೋಗಲಿಲ್ಲ, ಪೊಲೀಸರು ಅವನನ್ನೇ ಬಂಧಿಸಿದರು. ಆ ಸುದ್ದಿ ಓದಿದಾಗ ಅವನ ಹತಾಶೆ ನನಗೆ ಅರ್ಥವಾಯಿತು. ಅವನಿಗೆ ಒಂದು ಕಾಗದದ ದಾರಿ ತೋರಿಸುವವರು ಹತ್ತಿರದಲ್ಲಿ ಯಾರಾದರೂ ಇರಬೇಕಿತ್ತು ಎಂದು ಬಹಳ ನೊಂದುಕೊಂಡೆ. ನಿಮ್ಮ ಮಗನಿಗೆ ಆ ದಾರಿ ತೋರಿಸುವವರು ನೀವೇ ಆಗಿ.

ಈಗ ಮನೆಯೊಳಗಿನ ಮಾತು. ನಿಮ್ಮ ನಿದ್ದೆ ಕೆಡಿಸಿರುವುದು ಕಂಟ್ರೋಲರ್ ಒಂದೇ ಅಲ್ಲ, ‘ಹಟ ಮಾಡಿ ತಂದವಳು ನಾನೇ’ ಎಂಬ ಕೊರಗು. ಅದನ್ನು ಬಿಡಿ. ದಿನವೂ ಊರೊಳಗೇ ಓಡಾಡುವ, ರಾತ್ರಿ ಮನೆಯಲ್ಲಿ ಚಾರ್ಜಿಗೆ ಹಾಕಬಲ್ಲ ದುಡಿಮೆಗಾರ್ತಿಗೆ ಎಲೆಕ್ಟ್ರಿಕ್ ಸ್ಕೂಟರ್ ತಪ್ಪು ಆಯ್ಕೆಯಲ್ಲ. ಗಾಡಿ ಓಡಿದ ಆ ತಿಂಗಳುಗಳಲ್ಲಿ ಪೆಟ್ರೋಲಿಗೆ ಎಷ್ಟು ಉಳಿಯಿತು ಎಂಬ ಲೆಕ್ಕವನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆದು ನೋಡಿ. ಕೆಟ್ಟದ್ದು ಒಂದು ಭಾಗ, ಮಾತು ತಪ್ಪಿದ್ದು ಮಾರಿದವರು. ಅವರ ತಪ್ಪನ್ನು ನೀವು ಯಾಕೆ ತಲೆ ಮೇಲೆ ಹೊತ್ತುಕೊಳ್ಳಬೇಕು? ಯಜಮಾನರಿಗೆ ಒಂದು ಸಂಜೆ ಸಮಾಧಾನದಿಂದ ಹೇಳಿ: ‘ಆಗಲೇ ಹೇಳಿದ್ದೆ ಅನ್ನೋದು ಸಾಕು ರೀ, ಈಗ ನನ್ನ ಜೊತೆ ಶೋರೂಮಿಗೆ ಬನ್ನಿ.’ ನಿಮ್ಮ ಪತ್ರ ನೋಡಿದರೆ ಅವರು ಕೆಟ್ಟವರಲ್ಲ. ಬಹುಶಃ ಭಾವನವರ ಪರಿಚಯದ ಮುಲಾಜು ಅವರಿಗೆ ನಿಮಗಿಂತ ಹೆಚ್ಚಾಗಿದೆ, ಏನು ಮಾಡಬೇಕೆಂದು ತೋಚದೆ ಆ ಒಂದೇ ಮಾತನ್ನು ಆಡುತ್ತಿದ್ದಾರೆ. ಕೈಗೆ ಕೆಲಸ ಕೊಟ್ಟರೆ ಜೊತೆಗೆ ನಿಲ್ಲುತ್ತಾರೆ ಎಂದು ನನಗೆ ಅನಿಸುತ್ತದೆ.

ಗಾಡಿ ಸಿದ್ಧವಾಯಿತು ಎಂದು ಕರೆ ಬಂದ ದಿನ ಸಂತೋಷದಲ್ಲಿ ಎಚ್ಚರ ತಪ್ಪಬೇಡಿ. ಕೆಲವೆಡೆ ಕೆಲಸ ಮುಗಿಯುವ ಮೊದಲೇ ಒಟಿಪಿ ಕೇಳಿ ಜಾಬ್ ಕಾರ್ಡ್ ಮುಚ್ಚಿಬಿಡುತ್ತಾರೆ. ಗಾಡಿ ನಿಮ್ಮ ಕೈಗೆ ಬಂದು, ಒಂದು ಸುತ್ತು ಓಡಿಸಿ ನೋಡುವವರೆಗೆ ಒಟಿಪಿ ಕೊಡಬೇಡಿ, ಸಹಿ ಹಾಕಬೇಡಿ. ಬಿಲ್ಲಿನಲ್ಲಿ ಬದಲಿಸಿದ ಭಾಗದ ಹೆಸರು, ಸಂಖ್ಯೆ ಇರಬೇಕು, ವಾರಂಟಿಯಲ್ಲಿ ಉಚಿತ ಎಂದು ಬರೆದಿರಬೇಕು. ಗಾಡಿ ಕೊಟ್ಟ ತಾರೀಕನ್ನು ತಪ್ಪದೆ ಬರೆಸಿ, ನಿಂತ ದಿನಗಳ ಲೆಕ್ಕಕ್ಕೆ ಅದು ಬೇಕು. ತೃಪ್ತಿಯಾಗಿದೆ ಎಂಬ ಫಾರಂ ಮುಂದಿಟ್ಟರೆ ‘ಇಷ್ಟು ವಾರ ತಡವಾಗಿ ಪಡೆದಿದ್ದೇನೆ, ಪರಿಹಾರದ ಹಕ್ಕು ಕಾಯ್ದಿರಿಸಿದೆ’ ಎಂದು ನಿಮ್ಮ ಕೈಬರಹದಲ್ಲಿ ಸೇರಿಸಿ ಸಹಿ ಹಾಕಿ. ಆ ಮೇಲೆ ಕಂಪನಿಯಿಂದ ಫೀಡ್‌ಬ್ಯಾಕ್ ಕರೆ ಬರುತ್ತದೆ. ಹತ್ತಕ್ಕೆ ಹತ್ತು ಕೊಡಿ ಎಂದು ಶೋರೂಮಿನ ಹುಡುಗ ಮೊದಲೇ ಬೇಡಿಕೊಂಡಿರುತ್ತಾನೆ. ಅವನಿಗೆ ಕೆಟ್ಟದ್ದು ಬಯಸದೆಯೇ ನಿಜವಾದ ಅನುಭವ ಹೇಳಿ.

ನಾಳೆ ಕ್ಯಾರಿಯರ್‌ಗಳನ್ನು ಕಳಿಸಿದ ಮೇಲೆ ಯಜಮಾನರನ್ನೋ ಮಗನನ್ನೋ ಕರೆದುಕೊಂಡು ಶೋರೂಮಿಗೆ ಹೋಗಿ, ಜಾಬ್ ಕಾರ್ಡಿನ ಪ್ರತಿ ತನ್ನಿ, ಮರುದಿನ ಎರಡೂ ಕಾಗದ ಅಂಚೆಗೆ ಹಾಕಿ. 15 ದಿನವಾದರೂ ಗಾಡಿ ಮನೆಗೆ ಬರದಿದ್ದರೆ ಇದೇ ವಿಳಾಸಕ್ಕೆ ಬರೆಯಿರಿ, ಆಯೋಗಕ್ಕೆ ಕೊಡುವ ದೂರಿನ ಕರಡನ್ನು ನಾನು ನೋಡಿಕೊಡುತ್ತೇನೆ.